ಹೊಗೆಯ ಲೆಕ್ಕ ಯಾರ ಕೈಯಲ್ಲಿ?

1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಅನಿಲ ಸೋರಿದಾಗ, ಸುತ್ತಲಿನ ಬಸ್ತಿಗಳ ಜನರಿಗೆ ತಮ್ಮ ನೆರೆಯಲ್ಲಿ ಶೇಖರವಾಗಿದ್ದುದು ಏನೆಂಬುದೇ ಗೊತ್ತಿರಲಿಲ್ಲ. ಹಮೀದಿಯಾ ಆಸ್ಪತ್ರೆಗೆ ಹೊತ್ತು ತಂದವರಿಗೆ ಯಾವ ಮದ್ದು ಕೊಡಬೇಕೆಂದು ವೈದ್ಯರಿಗೂ ತಿಳಿದಿರಲಿಲ್ಲ. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಬೇಕೆಂಬ ಅಲ್ಪ ತಿಳಿವಳಿಕೆಯೂ ಆ ಜನರಿಗೆ ಯಾರಿಂದಲೂ ದೊರೆತಿರಲಿಲ್ಲ. ಪರಿಹಾರ ಮತ್ತು ಶಿಕ್ಷೆಗಳ ಬಗ್ಗೆ ಆಮೇಲೆ ಬಹಳ ಮಾತು ನಡೆದಿದೆ. ಈ ಅಜ್ಞಾನದ ಬಗ್ಗೆ ಅಷ್ಟು ನಡೆದಿಲ್ಲ.

ಅದರ ಬಗ್ಗೆ ಯೋಚಿಸಿದ್ದು ದೂರದ ಅಮೆರಿಕ. 1985ರ ಆಗಸ್ಟ್‌ನಲ್ಲಿ ಅದೇ ಕಂಪನಿಯ ವೆಸ್ಟ್ ವರ್ಜೀನಿಯಾದ ಘಟಕದಲ್ಲಿಯೂ ಸೋರಿಕೆಯಾಗಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅಲ್ಲಿನ ಸಂಸತ್ತು ಎಚ್ಚೆತ್ತುಕೊಂಡಿತು. 1986ರ ಅಕ್ಟೋಬರ್‌ನಲ್ಲಿ ಬಂದ, ಸಮುದಾಯದ ಅರಿಯುವ ಹಕ್ಕಿನ ಕಾಯಿದೆಯು ಹತ್ತು ಅಥವಾ ಹೆಚ್ಚು ಪೂರ್ಣಾವಧಿ ನೌಕರರಿದ್ದು, ಪಟ್ಟಿಯಲ್ಲಿರುವ ರಾಸಾಯನಿಕಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚಾಗಿ ತಯಾರಿಸುವ ಅಥವಾ ಬಳಸುವ ಕಾರ್ಖಾನೆಗಳಿಗೆ ಒಂದು ಕರ್ತವ್ಯವನ್ನು ವಿಧಿಸಿತು: ಗಾಳಿಗೆ, ನೀರಿಗೆ, ನೆಲಕ್ಕೆ ಬಿಟ್ಟ ವಿಷದ ಲೆಕ್ಕವನ್ನು ವರ್ಷಕ್ಕೊಮ್ಮೆ ಒಪ್ಪಿಸಬೇಕು, ಅದನ್ನು ಸರ್ಕಾರ ಸಾರ್ವಜನಿಕರ ಮುಂದಿಡಬೇಕು.

ಗಮನಿಸಬೇಕಾದ ಸಂಗತಿಯೆಂದರೆ, ಈ ವಿಧಿಯು ಒಂದು ಪೌಂಡಿನಷ್ಟನ್ನೂ ಕಡಿಮೆ ಮಾಡಿರೆಂದು ಹೇಳಲಿಲ್ಲ. ಲೆಕ್ಕ ಹೇಳಿರೆಂದಿತು, ಅಷ್ಟೆ. ಮೊದಲ ವರದಿಗಳ ಗಡುವು 1988ರ ಜುಲೈ 1. ಅದರ ಮುನ್ನಾದಿನವೇ ಮೊನ್ಸ್ಯಾಂಟೊ ಕಂಪನಿಯ ಅಧ್ಯಕ್ಷರು ತಮ್ಮ ಘಟಕಗಳು ಗಾಳಿಗೆ ಬಿಡುವ ವಿಷವನ್ನು 1992ರ ಕೊನೆಯೊಳಗೆ ಶೇಕಡಾ 90ರಷ್ಟು ಇಳಿಸುವುದಾಗಿ ಘೋಷಿಸಿದರು. ತಮ್ಮದೇ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಉಂಟಾದ ಮುಜುಗರ ಅದು. ಕಂಪನಿಗೆ ಹೃದಯ ಪರಿವರ್ತನೆಯಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ.

ಆ ವ್ಯವಸ್ಥೆಯಲ್ಲಿ ಲೋಪಗಳಿವೆ. ಅನೇಕ ಅಂಕಿಗಳು ಅಳೆದವಲ್ಲ, ಕಾರ್ಖಾನೆಯೇ ಅಂದಾಜಿಸಿದವು. 2006ರಲ್ಲಿ ವರದಿಯ ನಿಯಮಗಳನ್ನು ಸಡಿಲಿಸಲಾಯಿತು. 2009ರಲ್ಲಿ ಸಂಸತ್ತೇ ಅದನ್ನು ರದ್ದುಗೊಳಿಸಬೇಕಾಯಿತು. ಯುರೋಪಿನ ದೇಶಗಳು 2003ರಲ್ಲಿ ಕೀವ್ ನಗರದಲ್ಲಿ ಇಂಥದೇ ದಾಖಲೆಗಾಗಿ ಒಪ್ಪಂದ ಮಾಡಿಕೊಂಡವು.

ಇನ್ನು ಭೋಪಾಲದ ದೇಶ. ಇಲ್ಲಿ ಲೆಕ್ಕ ಕೇಳುವ ನಿಯಮವಿಲ್ಲವೆಂದಲ್ಲ. 1986ರ ಪರಿಸರ ಸಂರಕ್ಷಣಾ ನಿಯಮಗಳಿಗೆ 1992ರಲ್ಲಿ ಸೇರಿದ 14ನೆಯ ನಿಯಮದ ಪ್ರಕಾರ, ಮಾಲಿನ್ಯ ಮಂಡಳಿಯ ಸಮ್ಮತಿ ಪಡೆಯಬೇಕಾದ ಉದ್ಯಮಗಳು ನಮೂನೆ 5ರಲ್ಲಿ ಪರಿಸರ ವಿವರಣಾ ಪತ್ರವನ್ನು ಮಂಡಳಿಗೆ ಸಲ್ಲಿಸಬೇಕು. 1993ರಿಂದ ಅದರ ಗಡುವು ಸೆಪ್ಟೆಂಬರ್ 30. ಬಳಸಿದ ನೀರು, ಕಚ್ಚಾವಸ್ತು, ಹೊರಬಿಟ್ಟ ಮಾಲಿನ್ಯ, ಅಪಾಯಕಾರಿ ತ್ಯಾಜ್ಯ ಎಲ್ಲವೂ ಅದರಲ್ಲಿವೆ. ಮಾಲಿನ್ಯವು ಮಿತಿಯಿಂದ ಶೇಕಡಾ ಎಷ್ಟು ವ್ಯತ್ಯಾಸವಾಗಿದೆ, ಕಾರಣವೇನು ಎಂದು ಕೇಳುವ ಕಾಲಮ್ಮೂ ಇದೆ. ನಮೂನೆಯಲ್ಲಿ ಕೊರತೆಯಿಲ್ಲ. ಆದರೆ ಅದು ಕಾರ್ಖಾನೆಯಿಂದ ಮಂಡಳಿಗೆ ಹೋಗುತ್ತದೆ, ಅಲ್ಲಿ ಕಡತ ಸೇರುತ್ತದೆ. ಹೊಳೆಯ ಕೆಳದಂಡೆಯ ಹಳ್ಳಿಗೆ ಬರುವುದಿಲ್ಲ. 2014ರಲ್ಲಿ ಕೇಂದ್ರ ಮಂಡಳಿಯು 17 ಬಗೆಯ ಭಾರೀ ಮಾಲಿನ್ಯದ ಉದ್ಯಮಗಳಿಗೆ ನಿರಂತರ ಮಾಪನ ಯಂತ್ರ ಅಳವಡಿಸಲು ಆದೇಶಿಸಿತು. ಚಿಮಣಿಯ ಬಾಯಲ್ಲಿ ಯಂತ್ರವಿದ್ದರೂ, ವರ್ಷದ ಒಟ್ಟು ಲೆಕ್ಕವನ್ನು ಊರಿನ ಹೆಸರು ಹುಡುಕಿ ಓದಬಹುದಾದ ರಾಷ್ಟ್ರೀಯ ದಾಖಲೆಯಿಲ್ಲ.

ಮಲೆನಾಡಿನವರು ಇದನ್ನು ಬಯಲುಸೀಮೆಯ ಚಿಂತೆಯೆಂದು ಬದಿಗಿಡಲಾಗದು. ಕಾಫಿ ಹಣ್ಣಿನ ಪಲ್ಪಿಂಗ್ ಕಾಲದಲ್ಲಿ ಲೋಳೆ ತುಂಬಿದ ತೊಳೆನೀರು ಹಳ್ಳಕ್ಕೆ ಹರಿದರೆ ನೀರಿನ ಆಮ್ಲಜನಕ ಬತ್ತಿ ಮೀನು ಸಾಯುತ್ತವೆ. ಪರಿಸರ ಸಭೆಗಳ ಮುಂದಿನ ಸಾಲಿನಲ್ಲಿ ಕೂರುವ ಕೆಲವರ ತೋಟದಲ್ಲಿಯೂ ಪಲ್ಪರ್ ಇರುತ್ತದೆಂಬುದು ಹೇಳಲು ಕಷ್ಟವಾದರೂ ಹೇಳಬೇಕಾದ ಮಾತು. ದೊಡ್ಡ ಕಾರ್ಖಾನೆಯ ಲೆಕ್ಕ ಕೇಳುವವರು ತಮ್ಮ ತೋಟದ ಲೆಕ್ಕವನ್ನು ಗ್ರಾಮಸಭೆಯ ಮುಂದಿಟ್ಟರೆ ಆ ಬೇಡಿಕೆಗೆ ತೂಕ ಬಂದೀತು.

ಸದ್ಯಕ್ಕೆ ಇರುವ ದಾರಿ 2005ರ ಮಾಹಿತಿ ಹಕ್ಕು ಕಾಯಿದೆ. ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ ಕಾರ್ಖಾನೆಯ ಹೆಸರು, ಊರು ನಮೂದಿಸಿ, ಕಳೆದ ಐದು ವರ್ಷಗಳ ನಮೂನೆ 5ರ ಹಾಗೂ ಸಮ್ಮತಿ ಪತ್ರದ ಪ್ರತಿಗಳನ್ನು ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ವ್ಯಾಪಾರ ರಹಸ್ಯವೆಂದು ನಿರಾಕರಿಸಿದರೆ, ಸಾರ್ವಜನಿಕ ಹಿತ ದೊಡ್ಡದಿದ್ದಲ್ಲಿ ಕೊಡಲೇಬೇಕೆಂದು ಅದೇ 8ನೆಯ ಕಲಮಿನಲ್ಲಿದೆ. ಪ್ರತಿಗಳು ಕೈಸೇರಿದ ಬಳಿಕ ಎರಡನ್ನೂ ಪಕ್ಕದಲ್ಲಿಟ್ಟು ಓದಬೇಕು. ಐದು ವರ್ಷವೂ ಒಂದೇ ಅಂಕಿ ಬಂದಿದ್ದರೆ ಮುಂದಿನ ಅರ್ಜಿ ಅಲ್ಲಿಂದಲೇ ಆರಂಭವಾಗುತ್ತದೆ.