ಜಂಟಿ ಸಮಿತಿಗೆ ನಿಯಮಗಳ ಬಲ ಬೇಕು



ನಾಡಿನ ಎಲ್ಲ ಜಿಲ್ಲೆಗಳ ಸ್ವಯಂಸೇವಾ ಸಂಸ್ಥೆಗಳು ಸೇರಿರುವ ಈ ಸಮಾವೇಶದ ಪೀಠದಲ್ಲಿ ಕೂರಿಸಿ ಗೌರವ ತೋರಿದ್ದೀರಿ. ಈ ಗೌರವ ಹಳ್ಳಿ, ಕೇರಿ, ಹಾಡಿಗಳಲ್ಲಿ ಹೆಸರಿನ ಹಂಗಿಲ್ಲದೆ ದುಡಿಯುತ್ತಿರುವ ಸಾವಿರಾರು ಕಾರ್ಯಕರ್ತರಿಗೆ ಸಲ್ಲಬೇಕಾದದ್ದು ಎಂದು ತಿಳಿದು ಸ್ವೀಕರಿಸಿದ್ದೇನೆ.

ಅನುದಾನ, ವಿದೇಶಿ ದೇಣಿಗೆ, ತೆರಿಗೆ ವಿನಾಯಿತಿ ಇವು ನಮ್ಮ ಸಭೆಗಳಲ್ಲಿ ಸದಾ ಚರ್ಚೆಗೆ ಬರುವ ವಿಷಯಗಳು. ಸರ್ಕಾರ ಮತ್ತು ನಾವು ಒಟ್ಟಿಗೆ ಕೂರುವ ಸಮಿತಿಗಳು ಹೇಗೆ ನಡೆಯಬೇಕು ಎಂಬುದನ್ನು ಮಾತ್ರ ಕಚೇರಿಯ ಕೆಲಸವೆಂದು ಬದಿಗಿಡುತ್ತ ಬಂದಿದ್ದೇವೆ. ಈ ಸಲ ಅದನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡಿರುವುದು ನನಗೆ ಸಂತೋಷ ತಂದಿದೆ. ಆರೋಗ್ಯ ರಕ್ಷಾ ಸಮಿತಿ, ಗ್ರಾಮ ಅರಣ್ಯ ಸಮಿತಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಕಾಯ್ದೆಗಳಡಿ ರಚನೆಯಾಗುವ ಸಲಹಾ ಸಮಿತಿಗಳು, ಹೀಗೆ ನಮ್ಮ ಬದುಕಿನ ದೊಡ್ಡ ಪಾಲು ಇಂದು ಸಮಿತಿಗಳಲ್ಲಿ ನಿರ್ಧಾರವಾಗುತ್ತಿದೆ. ಇವುಗಳಲ್ಲಿ ನಮಗೆಷ್ಟು ಸ್ಥಾನ ಸಿಕ್ಕಿದೆ ಎಂದು ನಾವು ಲೆಕ್ಕ ಹಾಕುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ನಾಲ್ಕಿವೆ. ಕಾರ್ಯಸೂಚಿಯನ್ನು ಯಾರು ಬರೆಯುತ್ತಾರೆ? ನಡಾವಳಿ ಯಾರ ಕೈಯಲ್ಲಿದೆ? ಎರಡು ಕಡೆಯವರೂ ಒಪ್ಪದಿದ್ದಾಗ ಏನಾಗುತ್ತದೆ? ಅಧಿಕಾರಿ ವರ್ಗವಾಗಿ ಹೋದ ಮೇಲೆ ಸಮಿತಿ ಉಳಿಯುತ್ತದೆಯೆ? ಈ ನಾಲ್ಕಕ್ಕೂ ಬರಹದಲ್ಲಿ ಉತ್ತರವಿಲ್ಲದ ಸಮಿತಿ ಜಂಟಿ ಸಮಿತಿಯಾಗಲಾರದು.

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಹುಟ್ಟಿತು. ಮರುವರ್ಷ ಕೇರಳದ ಎರ್ನಾಕುಲಂ ಜಿಲ್ಲಾಡಳಿತ ಮತ್ತು ಜನವಿಜ್ಞಾನ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಸಾಕ್ಷರತಾ ಆಂದೋಲನಕ್ಕಾಗಿ ಕೈಜೋಡಿಸಿದವು. 1990ರ ಫೆಬ್ರವರಿ 4ರಂದು ಎರ್ನಾಕುಲಂ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಣೆಯಾಯಿತು. ಆ ಮಾದರಿ ದೇಶಕ್ಕೆಲ್ಲ ಹಬ್ಬಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬಿಜಾಪುರ ಜಿಲ್ಲೆಗಳು ಅದನ್ನು ಮೊದಲ ಸಾಲಿನಲ್ಲೇ ಕೈಗೆತ್ತಿಕೊಂಡವು. ಜಿಲ್ಲಾ ಸಾಕ್ಷರತಾ ಸಮಿತಿ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಪ್ರತ್ಯೇಕ ಸಂಸ್ಥೆಯಾಗಿತ್ತು. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಅದರೊಳಗೆ ಶಿಕ್ಷಕರು, ಲೇಖಕರು, ರಂಗಕರ್ಮಿಗಳು, ವಿಜ್ಞಾನ ಚಳವಳಿಯವರು, ಯುವಕ ಸಂಘದವರು ಇದ್ದರು. ಕಲಾ ಜಾಥಾದ ತಂಡ ಊರೂರು ಸುತ್ತಿತು. ಇಲಾಖೆಗಳ ಬೇಲಿ ದಾಟಿ ಹಣವನ್ನೂ ಜನರನ್ನೂ ಒಂದೆಡೆ ತರಲು ಈ ರಚನೆಗೆ ಸಾಧ್ಯವಾಯಿತು. ಜಂಟಿ ಆಡಳಿತ ಎಂಥ ಶಕ್ತಿಯನ್ನು ಹೊರತೆಗೆಯಬಲ್ಲದು ಎಂಬುದನ್ನು ಆ ವರ್ಷಗಳು ತೋರಿಸಿಕೊಟ್ಟವು.

ಆದರೆ ಸಮಿತಿಯ ಜೀವ ಅಧ್ಯಕ್ಷರ ಉತ್ಸಾಹದಲ್ಲಿತ್ತು. ಉತ್ಸಾಹಿ ಜಿಲ್ಲಾಧಿಕಾರಿ ಇದ್ದಷ್ಟು ದಿನ ರಾತ್ರಿ ಹತ್ತಕ್ಕೂ ಸಭೆ ನಡೆಯುತ್ತಿತ್ತು. ಅವರು ವರ್ಗವಾದರೆ, ಹೊಸಬರಿಗೆ ಬೇರೆ ಆದ್ಯತೆಗಳಿದ್ದರೆ, ಸಭೆಯ ನೋಟಿಸೇ ಹೊರಡುತ್ತಿರಲಿಲ್ಲ. ಸಭೆ ಕರೆಯುವ ಅಧಿಕಾರ ಒಬ್ಬರಲ್ಲೇ ಇದ್ದಾಗ ಉಳಿದ ಸದಸ್ಯರು ಎಷ್ಟೇ ಸಮರ್ಥರಾದರೂ ಕಾಯುತ್ತ ಕೂರಬೇಕಾಗುತ್ತದೆ. ಒಳ್ಳೆಯ ಅಧಿಕಾರಿಗಳನ್ನು ನಾವು ಮನಸಾರೆ ಸ್ಮರಿಸೋಣ. ಜೊತೆಗೆ, ಅವರ ಒಳ್ಳೆಯತನ ಅವರ ಹಿಂದೆಯೇ ವರ್ಗವಾಗಿ ಹೋಗದಂತೆ ನಿಯಮ ಕಟ್ಟೋಣ.

ಎರಡನೆಯದು ಕಾಡಿನ ಅನುಭವ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಖಾಸಗಿ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಮಾಡಿಕೊಂಡು, ಹಳ್ಳಿಗರು ತಲೆತಲಾಂತರದಿಂದ ನೆಚ್ಚಿಕೊಂಡಿದ್ದ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. ಆ ಕೂಟದಲ್ಲಿ ಹಳ್ಳಿಗೆ ಜಾಗವಿರಲಿಲ್ಲ. ಅದಕ್ಕೆ ಉತ್ತರವಾಗಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಕುಸನೂರು ಎಂಬ ಹಳ್ಳಿಯಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವನ್ನು ಈ ಸಭೆಯಲ್ಲಿರುವ ಹಿರಿಯರು ಮರೆತಿರಲಾರರು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಮರದ ಸಸಿ ನೆಟ್ಟರು. ಮುಂದೆ ಆ ಕಂಪನಿ ಮುಚ್ಚಿತು. 1990ರ ಜೂನ್ 1ರಂದು ಕೇಂದ್ರ ಸರ್ಕಾರ ಹಳ್ಳಿಗರನ್ನೂ ಸ್ವಯಂಸೇವಾ ಸಂಸ್ಥೆಗಳನ್ನೂ ಅರಣ್ಯ ರಕ್ಷಣೆಯಲ್ಲಿ ಸೇರಿಸಿಕೊಳ್ಳಬೇಕೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. 1993ರಲ್ಲಿ ಕರ್ನಾಟಕ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು.

ಆದೇಶದ ಆಶಯ ದೊಡ್ಡದು. ಯೋಜನೆ ಮಾಡುವಾಗಲೇ ಹಳ್ಳಿ ಕೂಡಬೇಕು ಎಂದು ಅದು ಹೇಳಿತು. ಆದರೆ ಗ್ರಾಮ ಅರಣ್ಯ ಸಮಿತಿಯ ಕಾರ್ಯದರ್ಶಿ ಇಲಾಖೆಯ ಫಾರೆಸ್ಟರ್. ನಡಾವಳಿ ಪುಸ್ತಕ ಅವರ ಬಳಿ. ಬ್ಯಾಂಕ್ ಖಾತೆಗೆ ಅಧ್ಯಕ್ಷರ ಜೊತೆ ಅವರದೂ ಸಹಿ. ಅನೇಕ ಊರುಗಳಲ್ಲಿ ಅಧ್ಯಕ್ಷರು ಇಲಾಖೆ ಬರೆದದ್ದಕ್ಕೆ ರುಜು ಹಾಕುವವರಾಗಿ ಉಳಿದರು. ಫಾರೆಸ್ಟರ್‌ಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಸಭೆ ಕರೆಯುವುದು, ವಿಷಯ ಇಡುವುದು, ಬರೆಯುವುದು, ಹಣ ಬಿಡುಗಡೆ ಮಾಡುವುದು, ಆಮೇಲೆ ಎಲ್ಲ ಸರಿಯಾಗಿದೆ ಎಂದು ಮೇಲಕ್ಕೆ ವರದಿ ಕಳಿಸುವುದು, ಇವೆಲ್ಲ ಒಂದೇ ಕಡೆಯವರ ಕೈಯಲ್ಲಿದ್ದರೆ ಎಂಥ ಸಜ್ಜನರಿದ್ದರೂ ಅಧಿಕಾರ ಒಂದೇ ಕಡೆಗೆ ವಾಲುತ್ತದೆ. ಅದೇ ಕಾಲಕ್ಕೆ, ಊರಿನ ಯುವಕರು ನಡಾವಳಿಯನ್ನು ತಾವೇ ಬರೆದು ಸಭೆಯಲ್ಲಿ ಓದಿ ಹೇಳಿದ ಕಡೆ ಸಮಿತಿಗೆ ಕಳೆ ಬಂದದ್ದನ್ನೂ ಕಂಡಿದ್ದೇವೆ.

ಮೂರನೆಯದು ಇಡೀ ದೇಶ ಟಿ.ವಿ.ಯಲ್ಲಿ ನೋಡಿದ ಸಮಿತಿ. 2011ರ ಏಪ್ರಿಲ್‌ನಲ್ಲಿ ಲೋಕಪಾಲ್ ಮಸೂದೆಯ ಕರಡಿಗಾಗಿ ಕೇಂದ್ರ ಸರ್ಕಾರ ಜಂಟಿ ಸಮಿತಿ ರಚಿಸಿತು. ಸರ್ಕಾರದ ಕಡೆ ಐವರು ಸಚಿವರು, ನಾಗರಿಕ ಸಮಾಜದ ಕಡೆ ಐವರು. ಪ್ರಣಬ್ ಮುಖರ್ಜಿ ಅಧ್ಯಕ್ಷರು, ಶಾಂತಿ ಭೂಷಣ್ ಸಹ ಅಧ್ಯಕ್ಷರು. ನಮ್ಮವರೇ ಆದ ವೀರಪ್ಪ ಮೊಯಿಲಿ ಸರ್ಕಾರದ ಬದಿಯಲ್ಲಿ, ಆಗ ನಮ್ಮ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಎದುರು ಬದಿಯಲ್ಲಿ. ಸ್ಥಾನಗಳ ಲೆಕ್ಕದಲ್ಲಿ ಇದಕ್ಕಿಂತ ಸಮಾನವಾದ ಸಮಿತಿಯನ್ನು ಕೇಳಲಾಗದು. ಜೂನ್ ತಿಂಗಳಲ್ಲಿ ಅದು ಮುಗಿದಾಗ ಕೈಗೆ ಬಂದದ್ದು ಒಂದು ಕರಡಲ್ಲ, ಎರಡು ಬೇರೆ ಬೇರೆ ಕರಡುಗಳು. ಯಾವ ಅಂಶಗಳಲ್ಲಿ ಒಮ್ಮತ ಬೇಕೇಬೇಕು, ಒಮ್ಮತ ಬಾರದಿದ್ದರೆ ವಿಷಯ ಎಲ್ಲಿಗೆ ಹೋಗಬೇಕು, ಒಪ್ಪಿದ ಅಂಶಗಳನ್ನಾದರೂ ಹೇಗೆ ಉಳಿಸಿಕೊಳ್ಳಬೇಕು ಎಂಬ ದಾರಿ ಎರಡೂ ಕಡೆಯವರು ಒಪ್ಪಿದ ರೀತಿಯಲ್ಲಿ ಗಟ್ಟಿಯಾಗಿರಲಿಲ್ಲ. ‘ಆ ಐವರು ಯಾರ ಪ್ರತಿನಿಧಿಗಳು?’ ಎಂಬ ಪ್ರಶ್ನೆಯೂ ಕೊನೆಯವರೆಗೂ ಬೆನ್ನು ಬಿಡಲಿಲ್ಲ. ಸಮಬಲ ಇದ್ದರೆ ಸಾಲದು, ಭಿನ್ನಮತವನ್ನು ತಾಳಿಕೊಳ್ಳುವ ವ್ಯವಸ್ಥೆಯೂ ಬೇಕು ಎಂಬ ಪಾಠವನ್ನು ನಾನು ಅಲ್ಲಿಂದ ಕಲಿತೆ.

ಹಾಗಾದರೆ ನಿಯಮ ಎಂಥದಿರಬೇಕು? ನಮ್ಮ ಕಾಯ್ದೆಗಳಲ್ಲೇ ಒಳ್ಳೆಯ ಉದಾಹರಣೆ ಇದೆ. 1994ರ ಪ್ರಸವಪೂರ್ವ ಲಿಂಗಪತ್ತೆ ತಡೆ ಕಾಯ್ದೆಯ ಸಲಹಾ ಸಮಿತಿಯಲ್ಲಿ ಮೂವರು ವೈದ್ಯತಜ್ಞರು, ಒಬ್ಬ ಕಾನೂನು ತಜ್ಞರು, ಒಬ್ಬ ಮಾಹಿತಿ ಮತ್ತು ಪ್ರಚಾರದ ಅಧಿಕಾರಿ, ಮೂವರು ಸಮಾಜಸೇವಕರು ಇರಬೇಕು. ಆ ಮೂವರಲ್ಲಿ ಒಬ್ಬರಾದರೂ ಮಹಿಳಾ ಸಂಘಟನೆಯವರಾಗಿರಬೇಕು. ಲಿಂಗಪತ್ತೆಯ ತಂತ್ರದ ಬಳಕೆಯಲ್ಲೋ ಪ್ರಚಾರದಲ್ಲೋ ತೊಡಗಿದ್ದವರು ಸದಸ್ಯರಾಗುವಂತಿಲ್ಲ. ಎರಡು ಸಭೆಗಳ ನಡುವೆ 60 ದಿನಕ್ಕಿಂತ ಹೆಚ್ಚು ಅಂತರ ಕೂಡದು. ಯಾರಿರಬೇಕು, ಯಾರಿರಬಾರದು, ಯಾವಾಗ ಸೇರಬೇಕು, ಮೂರೂ ಬರಹದಲ್ಲಿವೆ. ಇಷ್ಟಾಗಿಯೂ ಕಾಯ್ದೆ ಕಾಗದದಲ್ಲೇ ಉಳಿದಿತ್ತು. 2000ದಲ್ಲಿ ಸೆಹತ್, ಮಾಸೂಮ್ ಎಂಬ ಸ್ವಯಂಸೇವಾ ಸಂಸ್ಥೆಗಳು ಮತ್ತು ಕಾರ್ಯಕರ್ತ ಸಾಬು ಜಾರ್ಜ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2001ರ ಮೇ ತಿಂಗಳಲ್ಲಿ ನ್ಯಾಯಾಲಯ ಕಾಯ್ದೆಯನ್ನು ಜಾರಿಗೆ ತರುವಂತೆ ಕೇಂದ್ರಕ್ಕೂ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತು. ನಿಯಮ ಇದ್ದದ್ದರಿಂದಲೇ ಅದು ಏಕೆ ಪಾಲನೆಯಾಗಿಲ್ಲ ಎಂದು ಕೇಳಲು ಸಾಧ್ಯವಾಯಿತು. ಅಧಿಕಾರಿಯ ಸೌಜನ್ಯದಿಂದ ಸಿಕ್ಕ ಆಹ್ವಾನಕ್ಕೆ ಅಂಥ ಬಲವಿಲ್ಲ.

ಹೊರದೇಶಗಳಲ್ಲೂ ಉದಾಹರಣೆಗಳಿವೆ. ಇಂಗ್ಲೆಂಡಿನಲ್ಲಿ 1998ರಲ್ಲಿ, ಕೆನಡಾದಲ್ಲಿ 2001ರಲ್ಲಿ ಸರ್ಕಾರ ಮತ್ತು ಸ್ವಯಂಸೇವಾ ವಲಯದ ನಡುವೆ ಲಿಖಿತ ಒಡಂಬಡಿಕೆಗಳಾದವು. ಕೆನಡಾದವರು ತಮ್ಮ ಜಂಟಿ ಸಮಿತಿಗಳಿಗೆ ಎರಡೂ ಕಡೆಯಿಂದ ಒಬ್ಬೊಬ್ಬ ಅಧ್ಯಕ್ಷರನ್ನು ಇಟ್ಟುಕೊಂಡರು. ನಮ್ಮ ಕೇಂದ್ರ ಸಚಿವ ಸಂಪುಟ 2007ರಲ್ಲಿ ಸ್ವಯಂಸೇವಾ ವಲಯದ ರಾಷ್ಟ್ರೀಯ ನೀತಿಗೆ ಒಪ್ಪಿಗೆ ಕೊಟ್ಟಿತು. ಪರಸ್ಪರ ನಂಬಿಕೆ, ಗೌರವ, ಹಂಚಿಕೊಂಡ ಹೊಣೆಗಾರಿಕೆಯ ಮೇಲೆ ಸರ್ಕಾರ ನಮ್ಮೊಂದಿಗೆ ಕೆಲಸ ಮಾಡಬೇಕು ಎಂದಿತು. ಕೇಂದ್ರದ ಇಲಾಖೆಗಳಲ್ಲಿ, ರಾಜ್ಯಗಳಲ್ಲಿ, ಜಿಲ್ಲಾಡಳಿತ ಮತ್ತು ಜಿಲ್ಲಾ ಪಂಚಾಯಿತಿಗಳ ಮಟ್ಟದಲ್ಲಿ ಜಂಟಿ ಸಮಾಲೋಚನಾ ವೇದಿಕೆಗಳಿರಬೇಕು, ಅವು ಕಾಯಂ ವೇದಿಕೆಗಳಾಗಿರಬೇಕು ಎಂದೂ ಹೇಳಿತು. ಪ್ರತಿನಿಧಿಗಳೆ, ನಿಮ್ಮ ಜಿಲ್ಲೆಯಲ್ಲಿ ಅಂಥ ಕಾಯಂ ವೇದಿಕೆ ಇದೆಯೆ? ಅದರ ಕಳೆದ ಸಭೆ ಎಂದು ನಡೆಯಿತು? ಮಧ್ಯಾಹ್ನದ ಜಿಲ್ಲಾವಾರು ಗೋಷ್ಠಿಯಲ್ಲಿ ಈ ಎರಡು ಪ್ರಶ್ನೆಗೆ ಉತ್ತರ ಬರೆದು ಕೊಡಬೇಕೆಂದು ಕೋರುತ್ತೇನೆ. ಆ ಉತ್ತರಗಳೇ ಸರ್ಕಾರಕ್ಕೆ ನಾವು ಸಲ್ಲಿಸುವ ಮನವಿಯ ಮೊದಲ ಪುಟವಾಗಲಿ.

ಜಂಟಿ ಸಮಿತಿಗಳ ಕಾರ್ಯವಿಧಾನಕ್ಕಾಗಿ ರಾಜ್ಯ ಸರ್ಕಾರ ಒಂದು ಸಾಮಾನ್ಯ ನಿಯಮಾವಳಿ ತರಬೇಕು ಎಂಬುದು ನನ್ನ ಬೇಡಿಕೆ. ಅದರಲ್ಲಿ ಇವಿಷ್ಟು ಇರಲಿ. ಅಧಿಕಾರಿ ಅಧ್ಯಕ್ಷರಾಗಿದ್ದರೆ ಸಹ ಅಧ್ಯಕ್ಷರು ಸಂಸ್ಥೆಗಳ ಕಡೆಯವರಾಗಲಿ. ನಿಗದಿತ ಅವಧಿಯಲ್ಲಿ ಸಭೆ ಕರೆಯದಿದ್ದರೆ ಸಹ ಅಧ್ಯಕ್ಷರಿಗೆ ಕರೆಯುವ ಅಧಿಕಾರ ಇರಲಿ. ಕಾರ್ಯಸೂಚಿಗೆ ಎರಡೂ ಕಡೆಯವರು ವಿಷಯ ಸೇರಿಸಲಿ. ನಮ್ಮ ವಿಷಯಗಳು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ’ ಎಂಬ ಕೊನೆಯ ಸಾಲಿನಲ್ಲಿ, ಎಲ್ಲರೂ ಎದ್ದು ನಿಲ್ಲುವ ಹೊತ್ತಿಗೆ ಬರುವುದು ನಿಲ್ಲಲಿ. ಟಿಪ್ಪಣಿಗಳು ಕನ್ನಡದಲ್ಲಿ, ಓದಿಕೊಂಡು ಬರುವಷ್ಟು ಮುಂಚೆ ಸದಸ್ಯರ ಕೈ ಸೇರಲಿ. ನಡಾವಳಿಯಲ್ಲಿ ಪ್ರತಿ ತೀರ್ಮಾನದ ಮುಂದೆ ಯಾರು, ಎಷ್ಟರೊಳಗೆ ಎಂದು ಬರೆಯಲಿ. ಮುಂದಿನ ಸಭೆ ಅನುಪಾಲನಾ ವರದಿಯಿಂದಲೇ ಆರಂಭವಾಗಲಿ. ಒಪ್ಪದ ಸದಸ್ಯರ ಮಾತನ್ನು ಅವರದೇ ಶಬ್ದಗಳಲ್ಲಿ ದಾಖಲಿಸಲಿ. ಸಮಿತಿಯ ಸಲಹೆಯನ್ನು ಇಲಾಖೆ ತಳ್ಳಿಹಾಕಿದರೆ ಕಾರಣ ಬರಹದಲ್ಲಿ ಕೊಡಲಿ. ದಿನಗೂಲಿ ಬಿಟ್ಟು ಬರುವ ಸದಸ್ಯೆಗೆ ಪ್ರಯಾಣ ಭತ್ಯೆಯ ಜೊತೆ ಆ ದಿನದ ಕೂಲಿಯೂ ಸಿಗಲಿ.

ಇವುಗಳಲ್ಲಿ ಕೆಲವಕ್ಕೆ ಕಾನೂನಿನ ಆಧಾರ ಈಗಾಗಲೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಪ್ರತಿ ಪ್ರಾಧಿಕಾರವೂ ತನ್ನ ಸಲಹೆಗಾಗಿ ಇರುವ ಮಂಡಳಿ, ಸಮಿತಿಗಳ ವಿವರವನ್ನು ತಾನಾಗಿಯೇ ಪ್ರಕಟಿಸಬೇಕು. ಅವುಗಳ ಸಭೆಗೆ ಸಾರ್ವಜನಿಕರಿಗೆ ಪ್ರವೇಶ ಇದೆಯೆ, ನಡಾವಳಿ ನೋಡಲು ಸಿಗುತ್ತದೆಯೆ ಎಂಬುದನ್ನೂ ತಿಳಿಸಬೇಕು. ತನ್ನ ನಿರ್ಧಾರಗಳಿಗೆ ಕಾರಣವನ್ನು ಬಾಧಿತರಿಗೆ ಹೇಳಬೇಕು. ನಾವು ಕೇಳುತ್ತಿರುವುದು ಈ ಕಾಯ್ದೆಯ ಆಶಯದ ಮುಂದುವರಿಕೆಯನ್ನೇ.

ಇನ್ನು ನಮ್ಮ ಕರ್ತವ್ಯ. ನಾಮನಿರ್ದೇಶನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದು ಬಂದವರು ಯಾರ ಪ್ರತಿನಿಧಿಯೂ ಅಲ್ಲ. ಜಿಲ್ಲೆಯ ಸಂಸ್ಥೆಗಳೆಲ್ಲ ಸೇರಿ ತಮ್ಮವರನ್ನು ಆರಿಸಿ ಹೆಸರು ಕಳಿಸಬೇಕು. ದೊಡ್ಡ ಕಟ್ಟಡ, ದೊಡ್ಡ ಅನುದಾನ ಇರುವ ಸಂಸ್ಥೆಗಳಷ್ಟೇ ಅಲ್ಲ, ದೇವದಾಸಿ ಮಹಿಳೆಯರ, ಪೌರಕಾರ್ಮಿಕರ, ಅಂಗವಿಕಲರ, ಅಲೆಮಾರಿಗಳ ಸಂಘಗಳೂ ಆ ಪಟ್ಟಿಯಲ್ಲಿರಬೇಕು. ಎರಡು ಅವಧಿ ಮುಗಿಸಿದವರು ಜಾಗ ಬಿಟ್ಟುಕೊಡಬೇಕು. ಒಂದು ಇಲಾಖೆಯ ಯೋಜನೆ ಹಣ ಪಡೆಯುವವರು ಆ ಹಣದ ಹಂಚಿಕೆ ಚರ್ಚೆಯಾಗುವಾಗ ಅದನ್ನು ಬಾಯಿಬಿಟ್ಟು ಹೇಳಿ ಹೊರಗೆ ಬರಬೇಕು. ಸಭೆಗೆ ಮೊದಲು ಉಳಿದವರನ್ನು ಕೇಳಬೇಕು, ಸಭೆಯ ನಂತರ ಬಂದು ವರದಿ ಒಪ್ಪಿಸಬೇಕು. ಸರ್ಕಾರದಿಂದ ಪಾರದರ್ಶಕತೆ ಕೇಳುವ ನಮ್ಮ ಲೆಕ್ಕಪತ್ರ ಮೊದಲು ನಮ್ಮ ಊರಿನವರ ಮುಂದೆ ತೆರೆದಿರಬೇಕು.

ಇದರ ಜೊತೆ ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಸಮಿತಿಯ ಸದಸ್ಯತ್ವ ನಮ್ಮ ಪ್ರತಿಭಟನೆಯ ಹಕ್ಕಿಗೆ ಪ್ರತಿಯಾಗಿ ಕೊಟ್ಟ ಬೆಲೆಯಾಗಬಾರದು. ಒಳಗೆ ಸಲಹೆ ಕೊಡುವ ಸಂಸ್ಥೆ ಜನರಿಗೆ ಅನ್ಯಾಯವಾದಾಗ ಬೀದಿಗಿಳಿಯಲೂ ಸ್ವತಂತ್ರವಾಗಿರಬೇಕು. ಕುಸನೂರಿನ ಹೋರಾಟ ಇಲ್ಲದಿದ್ದರೆ ಹಳ್ಳಿಯ ಮಾತನ್ನು ಅರಣ್ಯ ಕಚೇರಿ ಅಷ್ಟು ಬೇಗ ಕೇಳುತ್ತಿತ್ತು ಎಂದು ನಾನು ನಂಬುವುದಿಲ್ಲ.

ಅಧಿಕಾರಿ ಮಿತ್ರರಲ್ಲಿ ವಿನಂತಿ. ನಿಯಮಬದ್ಧ ಸಮಿತಿ ನಿಮ್ಮ ಕೈ ಕಟ್ಟುವುದಿಲ್ಲ. ನೀವು ಶ್ರಮಪಟ್ಟು ಆರಂಭಿಸಿದ ಕೆಲಸವನ್ನು ನಿಮ್ಮ ವರ್ಗಾವಣೆಯ ನಂತರವೂ ಕಾಯುವವರು ಆ ಜಿಲ್ಲೆಯಲ್ಲೇ ಇರುವ ಈ ಸದಸ್ಯರು. ಅವರ ಒಪ್ಪಿಗೆಯಿಂದ ಆದ ತೀರ್ಮಾನಕ್ಕೆ ಜನರ ಬೆಂಬಲವಿರುತ್ತದೆ, ಅವರ ವಿರೋಧದಿಂದ ನಿಮಗೆ ಮುಂದಿನ ಅಪಾಯ ಮೊದಲೇ ತಿಳಿಯುತ್ತದೆ.

ಪ್ರತಿನಿಧಿಗಳೆ, ನಾಳೆ ಸಮಾರೋಪಕ್ಕೆ ಮುನ್ನ ಈ ಸಮಾವೇಶ ಮೂರು ನಿರ್ಣಯಗಳನ್ನು ಅಂಗೀಕರಿಸಬೇಕೆಂದು ಸೂಚಿಸುತ್ತೇನೆ. ಜಂಟಿ ಸಮಿತಿಗಳ ನಿಯಮಾವಳಿಯ ಕರಡನ್ನು ಎರಡೂ ಕಡೆಯವರಿರುವ ತಂಡವೇ ಸಿದ್ಧಪಡಿಸಬೇಕು ಎಂದು ಸರ್ಕಾರವನ್ನು ಒತ್ತಾಯಿಸುವುದು ಮೊದಲನೆಯದು. 2007ರ ನೀತಿ ಹೇಳಿದ ಕಾಯಂ ವೇದಿಕೆಯನ್ನು ಪ್ರತಿ ಜಿಲ್ಲೆಯಲ್ಲೂ ರಚಿಸುವಂತೆ ಕೇಳುವುದು ಎರಡನೆಯದು. ನಮ್ಮ ಪ್ರತಿನಿಧಿಗಳು ಪಾಲಿಸಬೇಕಾದ ನೀತಿಸಂಹಿತೆಯನ್ನು ನಾವೇ ಬರೆದುಕೊಂಡು, ಯಾರ ಆದೇಶಕ್ಕೂ ಕಾಯದೆ, ಕೂಡಲೇ ಜಾರಿಗೆ ತರುವುದು ಮೂರನೆಯದು. ಮೊದಲೆರಡಕ್ಕೆ ಸರ್ಕಾರ ಮನಸ್ಸು ಮಾಡಬೇಕು. ಮೂರನೆಯದು ಸಂಪೂರ್ಣವಾಗಿ ನಮ್ಮ ಕೈಯಲ್ಲೇ ಇದೆ. ಅದನ್ನು ನಾವು ಮಾಡಿ ತೋರಿಸಿದರೆ ಉಳಿದೆರಡನ್ನು ಕೇಳುವ ನೈತಿಕ ಹಕ್ಕು ನಮಗೆ ಬರುತ್ತದೆ.

ಗೋಷ್ಠಿಗಳಲ್ಲಿ ಮುಕ್ತವಾಗಿ ಮಾತನಾಡಿ, ನಿಷ್ಠುರವಾಗಿ ವಾದಿಸಿ, ನಿರ್ಣಯಗಳನ್ನು ತಿದ್ದಿ ಬಲಪಡಿಸಿ.