ಸರಕು ತಲುಪಿತು, ಬಿಲ್ ತಲುಪಲಿಲ್ಲ: ಸ್ವಂತ ಸರ್ವರ್‌ನ ಇಮೇಲ್ ರಿಪೇರಿ

ಇವತ್ತಿನ ಸಂಚಿಕೆ ಸ್ವಂತ ಸರ್ವರ್ ಇಟ್ಕೊಂಡು ವೆಬ್‌ಸೈಟ್ ನಡೆಸೋರಿಗೆ. "ಕಂಪ್ಯೂಟರ್ ಬರತ್ತಲ್ಲ, ಅಂಗಡಿಗೊಂದು ಸೈಟ್ ಮಾಡ್ಕೊಡು" ಅಂತ ಮನೆಯವರು ತಲೆಗೆ ಕಟ್ಟಿರೋ ಕೆಲಸ ಮಾಡ್ತಿರೋರಿಗೂ ಹೌದು. ಸೈಟ್ ಓಡ್ತಿದೆ, ಆರ್ಡರ್ ಬರ್ತಿದೆ, ಆದ್ರೆ ಸರ್ವರ್ ಕಳಿಸೋ ಇಮೇಲ್ ಮಾತ್ರ ತಲುಪ್ತಿಲ್ಲ. ಆಗ ಎಲ್ಲಿಂದ ಹುಡುಕೋದು? ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ.

ತರಗುಪೇಟೆ ಗೊತ್ತಲ್ಲ? ಕೆ.ಆರ್. ಮಾರ್ಕೆಟ್ ಹತ್ತಿರ, ಬೇಳೆಕಾಳು, ಅಕ್ಕಿಯ ಹೋಲ್‌ಸೇಲ್ ಬೀದಿಗಳು. ಅಲ್ಲಿನ ಒಬ್ಬ ಬೇಳೆ ವ್ಯಾಪಾರಿ ಖರ್ಚು ಉಳಿಸೋಕೆ ಸೈಟನ್ನ ಹಳೇ ಹೋಸ್ಟಿಂಗ್‌ನಿಂದ ಬಾಡಿಗೆ ಸರ್ವರ್‌ಗೆ ಬದಲಾಯಿಸಿದ್ರು. ಎರಡು ವಾರ ಆದ್ಮೇಲೆ ನನಗೆ ಫೋನ್. "ನೋಡಪ್ಪಾ, ಲಾರಿ ಹೋಗಿದೆ, ಮಾಲು ಇಳಿದಿದೆ. ದುಡ್ಡು ಕೇಳಿದ್ರೆ ಬಿಲ್ಲೇ ಬಂದಿಲ್ಲ ಅಂತಾರೆ. ಹಮಾಲಿ ಕೂಲಿ ನಾನು ದಿನಾ ಸಂಜೆ ಕೊಡ್ಲೇಬೇಕಲ್ಲ!"

ಸೈಟ್‌ನಲ್ಲಿ ನೋಡಿದ್ರೆ ಎಲ್ಲಾ ಬಿಲ್ ಪಕ್ಕ "ಕಳಿಸಲಾಗಿದೆ" ಅಂತ ಹಸಿರು ಗುರುತು. ಮೊದಲ ಪಾಠ ಇದೇ: ಅದರ ಅರ್ಥ ಸೈಟು ಬಿಲ್ಲನ್ನ ಸರ್ವರ್‌ನ ಅಂಚೆ ಪ್ರೋಗ್ರಾಂಗೆ ಒಪ್ಪಿಸಿದೆ ಅಂತ ಅಷ್ಟೇ. ಗಿರಾಕಿಗೆ ತಲುಪಿದೆ ಅಂತಲ್ಲ.

ಹಾಗಾಗಿ ಮೊದಲು ಲಾಗ್ ತೆಗೀರಿ. ಅಂಗಡಿಯಲ್ಲಿ ಲೆಕ್ಕ ತಾಳೆ ಆಗದಿದ್ರೆ ಕಿರ್ದಿ ಪುಸ್ತಕ ತೆಗೀತೀವಲ್ಲ, ಹಾಗೆ. ಇವರ ಸರ್ವರ್‌ನಲ್ಲಿದ್ದದ್ದು ಪೋಸ್ಟ್‌ಫಿಕ್ಸ್. ಅದರಲ್ಲಿ ಹೊರಗೆ ಹೋಗದ ಮೇಲ್‌ಗಳು ಒಂದು ಕ್ಯೂನಲ್ಲಿ ಕಾಯ್ತಿರತ್ತೆ. ನೋಡೋಕೆ 'ಮೇಲ್‌ಕ್ಯೂ' ಅನ್ನೋ ಒಂದೇ ಕಮಾಂಡ್ ಸಾಕು. ನೋಡಿದ್ರೆ ಬಿಲ್‌ಗಳ ಸಾಲು. ಲಾಗ್‌ನಲ್ಲಿ ಎಲ್ಲದಕ್ಕೂ ಒಂದೇ ಕಾರಣ: 'ಕನೆಕ್ಷನ್ ಟೈಮ್ಡ್ ಔಟ್'.

ಯಾವ ವಿಳಾಸಕ್ಕೆ ಕಳಿಸಿದ್ರೂ ಹೀಗೇ ಆದ್ರೆ ಮೊದಲ ಅನುಮಾನ ಪೋರ್ಟ್ 25 ಮೇಲೆ. ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸೋ ಬಾಗಿಲು ಅದು. ಸ್ಪ್ಯಾಮ್ ಕಾಟಕ್ಕೆ ಹೆದರಿ ಎಷ್ಟೋ ಕ್ಲೌಡ್ ಕಂಪನಿಗಳು ಅದನ್ನ ಮೊದಲೇ ಮುಚ್ಚಿಟ್ಟಿರತ್ತೆ. ನೀವು ಪೋಸ್ಟ್‌ಫಿಕ್ಸ್ ಸೆಟ್ಟಿಂಗ್ ಎಷ್ಟು ತಿರುವಿದ್ರೂ ಪ್ರಯೋಜನ ಇಲ್ಲ, ಹೋಸ್ಟಿಂಗ್‌ನವರಿಗೆ ಬರೆದು ತೆಗೆಸಬೇಕು. ತೆಗೆಸಿದ್ವಿ.

ಇನ್ನೊಂದು ಮಾತು. ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 5 ದಿನ ಪ್ರಯತ್ನ ಮಾಡಿ, ಆಮೇಲೆ ಮೇಲನ್ನ ಕಳಿಸಿದವರಿಗೇ ವಾಪಸ್ ಹಾಕತ್ತೆ. ಇಲ್ಲಿ ವಾಪಸ್ ಬರ್ತಿದ್ದದ್ದು 'ನೋ ರಿಪ್ಲೈ' ಅನ್ನೋ ವಿಳಾಸಕ್ಕೆ. ಅದನ್ನ ತೆಗೆದು ನೋಡೋರೇ ಇಲ್ಲ! ಎರಡು ವಾರ ಯಾರಿಗೂ ಗೊತ್ತಾಗದೆ ಇದ್ದದ್ದು ಇದಕ್ಕೇ. ವಾಪಸ್ ಬರೋ ಮೇಲ್ ಒಬ್ಬ ಮನುಷ್ಯ ಓದೋ ಇನ್‌ಬಾಕ್ಸ್‌ಗೆ ಬೀಳೋ ಹಾಗೆ ಮಾಡಿ.

ಬಾಗಿಲು ತೆರೀತು, ಬಿಲ್ ಹೊರಟಿತು. ಈಗ ಜೀಮೇಲ್ ತಿರಸ್ಕರಿಸ್ತು: 550. ಇಲ್ಲಿ ಒಂದು ಸುಲಭ ಲೆಕ್ಕ ಇದೆ. ಉತ್ತರ 4ರಿಂದ ಶುರುವಾದ್ರೆ "ಆಮೇಲೆ ಬಾ", 5ರಿಂದ ಶುರುವಾದ್ರೆ "ಬರಬೇಡ". ಪಕ್ಕದಲ್ಲೇ ಕಾರಣನೂ ಬರೆದಿರತ್ತೆ, ಪೂರ್ತಿ ಓದಿ. ಇಲ್ಲಿದ್ದ ಕಾರಣ, ಕಳಿಸಿದವರು ಯಾರು ಅಂತ ದೃಢಪಟ್ಟಿಲ್ಲ ಅನ್ನೋದು.

ಇಮೇಲ್ ಸಾಗಿಸೋ ಎಸ್‌ಎಂಟಿಪಿ ನಿಯಮ ಬಂದದ್ದು 1982ರಲ್ಲಿ. ಅದರಲ್ಲಿ ಯಾರು ಯಾರ ಹೆಸರಲ್ಲಿ ಬೇಕಾದ್ರೂ ಪತ್ರ ಹಾಕಬಹುದಿತ್ತು. ಆ ತೂತು ಮುಚ್ಚೋಕೆ ಬಂದದ್ದು ಮೂರು ದಾಖಲೆ, ಮೂರೂ ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಇರತ್ತೆ. ಎಸ್‌ಪಿಎಫ್ ಅಂದ್ರೆ ನಮ್ಮ ಅಂಗಡಿ ಹೆಸರಲ್ಲಿ ವಸೂಲಿಗೆ ಯಾರು ಬರಬಹುದು ಅನ್ನೋ ಪಟ್ಟಿ. ಡಿಕಿಮ್ ಅಂದ್ರೆ ಮೂಟೆ ಬಾಯಿಗೆ ಹಾಕಿದ ಸೀಲು. ಇವೆರಡೂ ತಾಳೆ ಆಗದಿದ್ರೆ ಏನು ಮಾಡಬೇಕು ಅಂತ ಹೇಳೋದು ಡಿಮಾರ್ಕ್. 2024ರ ಫೆಬ್ರುವರಿಯಿಂದ ಜೀಮೇಲ್‌ಗೆ ಕಳಿಸೋ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕೇ ಬೇಕು. ದಿನಕ್ಕೆ 5000 ಮೇಲ್ ದಾಟಿಸೋರಿಗೆ ಮೂರೂ ಕಡ್ಡಾಯ.

ಇವರ ಎಸ್‌ಪಿಎಫ್ ಪಟ್ಟಿಯಲ್ಲಿ ಇನ್ನೂ ಹಳೇ ಸರ್ವರ್‌ನ ಐಪಿ ಇತ್ತು. ಅದನ್ನೇ ತಿದ್ದಬೇಕು. ಪಕ್ಕದಲ್ಲಿ ಇನ್ನೊಂದು ಎಸ್‌ಪಿಎಫ್ ಸೇರಿಸಿದ್ರೆ ಎರಡೂ ಕೆಡತ್ತೆ. ಇನ್ನು ಪಿಟಿಆರ್, ಅಂದ್ರೆ ಐಪಿಯಿಂದ ಹೆಸರು ಹೇಳೋ ದಾಖಲೆ. ಅದು ಸಿಗೋದು ಡೊಮೇನ್ ಕೊಂಡ ಕಡೆ ಅಲ್ಲ, ಸರ್ವರ್ ಬಾಡಿಗೆಗೆ ಕೊಟ್ಟವರ ಹತ್ರ. ತುಂಬಾ ಜನ ತಪ್ಪು ಕಡೆ ಹುಡುಕಿ ಸುಸ್ತಾಗ್ತಾರೆ.

ಎಲ್ಲಾ ಸರಿ ಆಯ್ತಾ ಅಂತ ಪರೀಕ್ಷೆ ಮಾಡೋಕೆ ನಿಮ್ಮದೇ ಜೀಮೇಲ್‌ಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರ್ ಬ್ರೌಸರ್‌ನಲ್ಲಿ ತೆರೆದು 'ಶೋ ಒರಿಜಿನಲ್' ಒತ್ತಿ. ಮೂರರ ಮುಂದೂ 'ಪಾಸ್' ಅಂತ ಇರಬೇಕು.

ಆದ್ರೂ ಒಂದಷ್ಟು ಬಿಲ್ ಸ್ಪ್ಯಾಮ್‌ಗೇ ಹೋಗ್ತಿತ್ತು. ಮತ್ತೆ ಕ್ಯೂ ನೋಡಿದ್ವಿ. ಅಲ್ಲಿ ಗುರುತೇ ಇಲ್ಲದ ವಿದೇಶಿ ವಿಳಾಸಗಳು! ಸೈಟ್‌ನ 'ನಮ್ಮನ್ನು ಸಂಪರ್ಕಿಸಿ' ಫಾರ್ಮ್, ತುಂಬಿದವರ ವಿಳಾಸಕ್ಕೂ ಒಂದು ಪ್ರತಿ ಕಳಿಸ್ತಿತ್ತು. ಬಾಟ್‌ಗಳು ಬೇರೆಯವರ ವಿಳಾಸ ತುಂಬಿ, ಬೇಳೆ ಅಂಗಡಿ ಹೆಸರಲ್ಲಿ ಜಾಹೀರಾತು ಹಂಚ್ತಿದ್ವು. ಇಂಥದ್ದು ನಡೆದ್ರೆ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿಗಳಲ್ಲಿ ಐಪಿ ಸೇರತ್ತೆ. ಮೊದಲು ಆ ಪ್ರತಿ ಕಳಿಸೋದನ್ನ ನಿಲ್ಲಿಸಿ, ಕ್ಯಾಪ್ಚಾ ಹಾಕಿ, ಕ್ಯೂನಲ್ಲಿರೋ ಕಸ ಮಾತ್ರ ಅಳಿಸಿ. ಆಮೇಲೆ ಪಟ್ಟಿಯಿಂದ ತೆಗೀರಿ ಅಂತ ಕೇಳಿ. ಕಾರಣ ಹಾಗೇ ಬಿಟ್ಟು ಕೇಳಿದ್ರೆ ನಾಳೆ ಮತ್ತೆ ಸೇರಿಸ್ತಾರೆ. ಸ್ಪ್ಯಾಮ್‌ಹೌಸ್ ಇದಕ್ಕೆ ದುಡ್ಡು ತಗೊಳ್ಳಲ್ಲ. ಯಾರಾದ್ರೂ ಕೇಳಿದ್ರೆ ಕೊಡಬೇಡಿ.

ಕೊನೆಗೆ, ವಾಪಸ್ ಬಂದಿದ್ದ ಬಿಲ್‌ಗಳನ್ನ ಲಾಗ್ ಇಟ್ಕೊಂಡು ಒಂದೊಂದಾಗಿ ಪಟ್ಟಿ ಮಾಡಿ ಮತ್ತೆ ಕಳಿಸಿದ್ವಿ. ದೊಡ್ಡ ಬಾಕಿಯವರಿಗೆ ಅವರೇ ಫೋನ್ ಮಾಡಿ ಬಿಲ್ ನಂಬರ್ ಓದಿದ್ರು.

ಹಾಗಾದ್ರೆ ಮೇಲ್ ಸರ್ವರ್ ನಾವೇ ನಡೆಸಬೇಕಾ? ಕಲಿಯೋಕೆ ಅಂದ್ರೆ ಖಂಡಿತ ನಡೆಸಿ. ಆದ್ರೆ ಬಿಲ್ ಮೇಲೆ ಯಾರದ್ದೋ ದಿನಗೂಲಿ ನಿಂತಿದ್ರೆ, ಸೈಟ್ ನಿಮ್ಮ ಸರ್ವರ್‌ನಲ್ಲೇ ಇರ್ಲಿ, ಮೇಲ್ ಮಾತ್ರ ಒಂದು ರಿಲೇ ಸೇವೆ ಮೂಲಕ ಪೋರ್ಟ್ 587ರಲ್ಲಿ ಹೋಗ್ಲಿ. ಆ ವ್ಯಾಪಾರಿಗೂ ಕೊನೆಗೆ ಹಾಗೇ ಮಾಡಿಕೊಟ್ಟೆ. ಆಗಲೂ ಎಸ್‌ಪಿಎಫ್, ಡಿಕಿಮ್ ಬೇಕು. ಆಗಲೂ ವಾರಕ್ಕೊಮ್ಮೆ ಲಾಗ್ ನೋಡಬೇಕು.

ನಿಮ್ಮ ಸರ್ವರ್ ಏನಾದ್ರೂ 550 ಅಂತಿದ್ರೆ ಆ ಪೂರ್ತಿ ಸಾಲನ್ನ ನಮಗೆ ಕಳಿಸಿ; ಪಾಸ್‌ವರ್ಡ್, ಗಿರಾಕಿಗಳ ವಿಳಾಸ ತೆಗೆದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.