ದೆಹಲಿಯ ಲೆಕ್ಕದಲ್ಲಿ ಎರಡು ವಾರ, ನಮ್ಮ ಲೆಕ್ಕದಲ್ಲಿ ಒಂದು ಮಳೆ

(ಯುವ ಕಾರ್ಯಕರ್ತರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿಕೊಂಡವನು. ಅಪ್ಪ 1982ರಲ್ಲಿ ಗೋಕಾಕ್ ಚಳವಳಿಯ ಕರಪತ್ರಗಳನ್ನು ಒಂದೊಂದೇ ಮೊಳೆ ಜೋಡಿಸಿ ಟ್ರೆಡಲ್ ಮೆಷಿನ್ನಿನಲ್ಲಿ ಹೊಡೆದವರು. ನಾನು ಆಫ್‌ಸೆಟ್ಟಿನಲ್ಲಿ ಲಗ್ನಪತ್ರಿಕೆ, ಬಿಲ್ ಪುಸ್ತಕ, ನಿಮ್ಮ ಸಂಘಗಳ ಪೋಸ್ಟರ್ ಹೊಡೆಯುತ್ತೇನೆ. ಪ್ರೂಫ್ ತಿದ್ದುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಅದರಿಂದ ಕಲಿತದ್ದನ್ನೇ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಕಚೇರಿಯಿಂದ ರೈತರಿಗೆ ಹಂಚುವ ಕರಪತ್ರದ ಆರ್ಡರ್ ಬಂತು. ಪ್ರೂಫ್ ಓದುತ್ತಾ ಕೂತೆ. ಒಂದು ಸಾಲು ಹೀಗಿತ್ತು: 'ಒಣ ಕಾಗುಣಿತದ ಸಮಯದಲ್ಲಿ ಬೆಳೆಯನ್ನು ರಕ್ಷಿಸುವುದು.' ಕಾಗುಣಿತ ಒಣಗುವುದು ಅಂದರೇನು ಸ್ವಾಮಿ? ತಲೆ ಕೆರೆದುಕೊಂಡು ಮೂಲದ ಇಂಗ್ಲಿಷ್ ತರಿಸಿ ನೋಡಿದರೆ 'ಡ್ರೈ ಸ್ಪೆಲ್' ಎಂದಿತ್ತು! ಮಳೆ ಬಿಡುವು ಕೊಟ್ಟ ದಿನಗಳು ಎನ್ನಬೇಕಾದ್ದನ್ನು ಕಂಪ್ಯೂಟರ್ ಒಣ ಕಾಗುಣಿತ ಮಾಡಿತ್ತು. ಫೋನ್ ಮಾಡಿ ಹೇಳಿದೆ. "ಹಾಗೇ ಹೊಡೀರಿ ಸ್ವಾಮಿ, ಮಾರ್ಚ್ 31ರೊಳಗೆ ಬಿಲ್ ಆಗ್ಬೇಕು" ಎಂದರು. ಆ ಒಂದು ಸಾಲನ್ನು ನಾನೇ ತಿದ್ದಿ ಹೊಡೆದೆ. ಉಳಿದದ್ದನ್ನು ಮುಟ್ಟುವ ಅಧಿಕಾರ ನನಗಿರಲಿಲ್ಲ.

ಅದರ ಒಂದು ಪ್ರತಿಯನ್ನು ಊರಿಗೆ ಒಯ್ದೆ. ಮಧುಗಿರಿ ಕಡೆ ನಮ್ಮಣ್ಣ ನಾಲ್ಕು ಎಕರೆ ಖುಷ್ಕಿಯಲ್ಲಿ ರಾಗಿ ಬೆಳೆಯುತ್ತಾನೆ. ಎರಡು ಸಾಲು ಓದಿ, "ಇದ್ಯಾರಿಗ್ಲಾ ಬರ್ದಿರೋದು?" ಎಂದು ಮಡಿಸಿ ತೊಲೆ ಸಂದಿಗೆ ಸಿಕ್ಕಿಸಿದ. ಅದು ಇನ್ನೂ ಅಲ್ಲೇ ಇದೆ.

ಈ ಕರಪತ್ರ ಎಲ್ಲಿಂದ ಹುಟ್ಟಿತು ಎಂದು ಹುಡುಕುತ್ತಾ ಹೋದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿಸಿದೆ. ಕೇಂದ್ರ ಸರ್ಕಾರ 2008ರ ಜೂನ್ 30ರಂದು ಹವಾಮಾನ ಬದಲಾವಣೆ ಎದುರಿಸಲು ಒಂದು ರಾಷ್ಟ್ರೀಯ ಕ್ರಿಯಾ ಯೋಜನೆ ಹೊರಡಿಸಿತು. ಅದರಲ್ಲಿ ಎಂಟು ಮಿಷನ್ನುಗಳು. ಅವುಗಳಲ್ಲಿ ಒಂದು ಸುಸ್ಥಿರ ಕೃಷಿಯ ಮಿಷನ್. ಅದು ಹೊಲಕ್ಕೆ ಇಳಿದದ್ದು 2014-15ರಲ್ಲಿ. ಮಳೆಯನ್ನೇ ನಂಬಿದ ಜಮೀನಿನಲ್ಲಿ ಒಂದೇ ಬೆಳೆಗೆ ಜೋತು ಬೀಳದೆ ದನ, ಮರ, ಮೀನು ಎಲ್ಲ ಸೇರಿಸಿದ ಬೇಸಾಯ, ಮಣ್ಣಿನ ಆರೋಗ್ಯ, ನೀರಿನ ಮಿತ ಬಳಕೆ, ಇವು ಅದರ ಮುಖ್ಯ ಮಾತುಗಳು. 2015ರಲ್ಲಿ ಮಣ್ಣಿನ ಆರೋಗ್ಯ ಚೀಟಿ ಬಂತು, 12 ಅಂಶಗಳ ಪರೀಕ್ಷೆ. ಅದೇ ವರ್ಷ ಹನಿ ನೀರಾವರಿಗೆ 'ಕೃಷಿ ಸಿಂಚಾಯಿ', ಸಾವಯವಕ್ಕೆ 'ಪರಂಪರಾಗತ್ ಕೃಷಿ ವಿಕಾಸ್'. ಹೆಸರು ಹಿಂದಿ, ಒಳಗಿನ ಕಾಗದ ಇಂಗ್ಲಿಷ್, ಹೊಲ ಮಾತ್ರ ಕನ್ನಡದ್ದು!

ಚಪ್ಪಾಳೆ ಬೇಡ, ಗೆಳೆಯರೇ. ಹೆಸರಿನ ಬೋರ್ಡಿಗೆ ಮಸಿ ಬಳಿದು ಮನೆಗೆ ಹೋದರೆ ನಮ್ಮಣ್ಣನ ರಾಗಿ ಒಂದು ಗೇಣೂ ಏಳುವುದಿಲ್ಲ. ಯೋಜನೆ ಒಳಗೆ ತಿರುಳಿಲ್ಲ ಎಂದುಕೊಂಡಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ತಿರುಳಿದೆ. ಅದಕ್ಕೇ ಸಂಕಟ.

ಹೈದರಾಬಾದಿನಲ್ಲಿ 'ಕ್ರಿಡಾ' ಎಂಬ ಸಂಸ್ಥೆಯಿದೆ, ಒಣಬೇಸಾಯದ ಕೇಂದ್ರೀಯ ಸಂಶೋಧನಾ ಸಂಸ್ಥೆ. ಅದು ಕೃಷಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ದೇಶದ 600ಕ್ಕೂ ಹೆಚ್ಚು ಜಿಲ್ಲೆಗಳಿಗೆ ಒಂದೊಂದು ತುರ್ತು ಯೋಜನೆ ಬರೆಸಿದೆ. ನಮ್ಮ ಜಿಲ್ಲೆಗಳದ್ದೂ ಇವೆ. ಅದರ ಕ್ರಮ ಬಹಳ ಸರಳ. ಮುಂಗಾರು ಎರಡು ವಾರ ತಡವಾದರೆ ಏನು ಬಿತ್ತಬೇಕು, ಯಾವ ತಳಿ? ನಾಲ್ಕು ವಾರ ತಡವಾದರೆ? ಆರು ವಾರ? ಎಂಟು ವಾರ? ಬಿತ್ತಿದ ಮೇಲೆ ಮಳೆ ಬಿಡುವು ಕೊಟ್ಟರೆ ಏನು ಮಾಡಬೇಕು? ಹೂ ಬಿಡುವಾಗ ಕೈಕೊಟ್ಟರೆ? ಮಣ್ಣಿನ ಬಗೆ ನೋಡಿ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ.

ಈ 'ಎರಡು ವಾರ'ದ ಹತ್ತಿರ ಬಂದಾಗ ನಾನು ಮಗಳನ್ನು ನಿಲ್ಲಿಸಿದೆ. ನಮ್ಮಪ್ಪ ವಾರದ ಲೆಕ್ಕ ಹೇಳಿದವರೇ ಅಲ್ಲ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎನ್ನುತ್ತಿದ್ದರು. ಒಂದೊಂದು ಮಳೆ 13-14 ದಿನ. ಎರಡು ವಾರ ಎಂದರೆ ಒಂದು ಮಳೆ! ಹೈದರಾಬಾದಿನ ವಿಜ್ಞಾನಿಯ ಅಳತೆಕೋಲೂ ನಮ್ಮಪ್ಪನ ಅಳತೆಕೋಲೂ ಒಂದೇ ಉದ್ದ. 'ಮುಂಗಾರು ಆರಂಭ ನಾಲ್ಕು ವಾರ ವಿಳಂಬ' ಎಂದು ಬರೆಯುವ ಜಾಗದಲ್ಲಿ 'ಎರಡು ಮಳೆ ತಪ್ಪಿದರೆ' ಎಂದು ಬರೆದರೆ ಸಾಕು, ಅಣ್ಣ ಕನ್ನಡಕ ಹುಡುಕುತ್ತಾನೆ.

ರಾಗಿಯನ್ನೇ ತೆಗೆದುಕೊಳ್ಳಿ. ಎಂ.ಆರ್.-1ರಂಥ ದೀರ್ಘಾವಧಿ ತಳಿಗೆ 120 ದಿನ ಬೇಕು. ಪುನರ್ವಸುವಿನಲ್ಲಿ, ಅಂದರೆ ಜುಲೈ ಮೊದಲಲ್ಲಿ, ಬಿದ್ದರೆ ಸರಿ. ಪುಷ್ಯ, ಆಶ್ಲೇಷಕ್ಕೆ ಹೋದರೆ ಜಿ.ಪಿ.ಯು.-28, ಸುಮಾರು 110 ದಿನ. ಮಘೆಗೆ ಜಾರಿದರೆ ಜಿ.ಪಿ.ಯು.-48ರಂಥದ್ದು, 95-100 ದಿನದ್ದು. ಅದೂ ತಪ್ಪಿದರೆ ಹುರುಳಿ. ಇಷ್ಟು ಹಿಡಿಸಲು ಒಂದು ಅಂಗೈಯಗಲದ ಚೀಟಿ ಸಾಕು.

2023ರಲ್ಲಿ ಅಣ್ಣ ಮಳೆಗೆ ಕಾದು ಕಾದು ಜುಲೈ ಕೊನೆಗೆ ಬಿತ್ತಿದ. ಮನೆಯಲ್ಲಿಟ್ಟಿದ್ದು ದೀರ್ಘಾವಧಿ ಬೀಜ, ಅದನ್ನೇ ಬಿತ್ತಿದ. ಆ ಆಗಸ್ಟ್ ನೆನಪಿದೆಯೇ? 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಅಣ್ಣನಿಗೆ ಸಿಕ್ಕಿದ್ದು ದನಕ್ಕೆ ಒಂದಿಷ್ಟು ಮೇವು. ಕಡಿಮೆ ಅವಧಿಯ ಬೀಜ ಬಿತ್ತಿದ್ದರೆ ಮನೆ ತುಂಬುತ್ತಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಅಂಥ ಬರದಲ್ಲಿ ಯಾವ ಬೀಜವೂ ಪವಾಡ ಮಾಡದು. ಆದರೆ ಉಣ್ಣುವಷ್ಟಾದರೂ ಬರುತ್ತಿತ್ತೇನೋ ಎಂಬ ಪ್ರಶ್ನೆ ಅವನನ್ನು ಬಿಟ್ಟಿಲ್ಲ, ನನ್ನನ್ನೂ ಬಿಟ್ಟಿಲ್ಲ. ಪಕ್ಕದ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಕೇಂದ್ರದ್ದೇ 'ನಿಕ್ರಾ' ಯೋಜನೆಯಡಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಕೃಷಿ ಹೊಂಡ, ಕಡಿಮೆ ಅವಧಿಯ ತಳಿ ಎಲ್ಲ ಮಾಡಿ ತೋರಿಸಿದ್ದರು. ಅಣ್ಣನ ಕಿವಿಗೆ ಅದು ಬಿದ್ದೇ ಇರಲಿಲ್ಲ.

ಪರಿಹಾರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಂತು. ಅದರ ಜಗಳ ನಿಮಗೆಲ್ಲ ಗೊತ್ತು, ನಾನೇ ಆ ಪೋಸ್ಟರ್ ಹೊಡೆದಿದ್ದೇನೆ. ಜಗಳ ಆಡಲೇಬೇಕು. ಆದರೆ ಬರ ಬಂದ ಮೇಲಿನ ಜಗಳಕ್ಕೆ ಸಾವಿರ ಪೋಸ್ಟರ್ ಹೊಡೆಸಿದ ನಾವು ಬರಕ್ಕೆ ಮುಂಚಿನ ಒಂದು ಚೀಟಿ ಹೊಡೆಸಲಿಲ್ಲ.

ದೆಹಲಿಯ ಇನ್ನೊಂದು ಲೆಕ್ಕವನ್ನೂ ಕೇಳಿ. 2024ರ ನವೆಂಬರ್‌ನಲ್ಲಿ ನೈಸರ್ಗಿಕ ಕೃಷಿಗೆಂದು ಒಂದು ರಾಷ್ಟ್ರೀಯ ಮಿಷನ್ ಒಪ್ಪಿದರು. ಒಟ್ಟು 2,481 ಕೋಟಿ, ಅದರಲ್ಲಿ 897 ಕೋಟಿ ರಾಜ್ಯಗಳ ಪಾಲು. ಅದೇ 2024-25ರಲ್ಲಿ ರಾಸಾಯನಿಕ ಗೊಬ್ಬರದ ಸಬ್ಸಿಡಿ ಒಂದೂವರೆ ಲಕ್ಷ ಕೋಟಿಗೂ ಮೇಲೆ! ಒಂದು ಕೈಯಲ್ಲಿ ಮಣ್ಣಿನ ಆರೋಗ್ಯದ ಚೀಟಿ, ಇನ್ನೊಂದು ಕೈಯಲ್ಲಿ ಅಗ್ಗದ ಯೂರಿಯಾ ಮೂಟೆ. ರೈತ ಯಾವುದನ್ನು ಹಿಡಿಯುತ್ತಾನೆ? ಸಬ್ಸಿಡಿ ನಾಳೆಯೇ ಕಿತ್ತುಹಾಕಿ ಎನ್ನುವಷ್ಟು ಮೂರ್ಖ ನಾನಲ್ಲ, ಅಣ್ಣನೇ ನನ್ನನ್ನು ಅಟ್ಟಿಸಿಕೊಂಡು ಬರುತ್ತಾನೆ. ಲೆಕ್ಕ ಗೊತ್ತಿರಲಿ ಎಂದೆ ಅಷ್ಟೆ.

ಕನ್ನಡದಲ್ಲಿ ಇದೆಲ್ಲ ಆಗುವುದಿಲ್ಲ ಎನ್ನುವವರಿಗೆ ಎರಡು ಮಾತು. ಬರದ ಮೇಲೆ ನಿಗಾ ಇಡುವ ಘಟಕವನ್ನು 1988ರಲ್ಲೇ ಕಟ್ಟಿದ ರಾಜ್ಯ ನಮ್ಮದು. 'ವರುಣ ಮಿತ್ರ' ಸಹಾಯವಾಣಿಯಲ್ಲಿ ರೈತ ತನ್ನೂರಿನ ಮಳೆ ಬಗ್ಗೆ ಕನ್ನಡದಲ್ಲೇ ಕೇಳುತ್ತಾನೆ, ಕನ್ನಡದಲ್ಲೇ ಉತ್ತರ ಸಿಗುತ್ತದೆ. ಇನ್ನು ಪದಗಳಿಗೆ ಬರವೇ? ಇಂಗ್ಲಿಷಿನವರು 'ಇಂಟರ್‌ಕ್ರಾಪಿಂಗ್' ಎಂದು ಬರೆದಿರುವುದು ನಮ್ಮ ಹೊಲದ ಅಕ್ಕಡಿ. ರಾಗಿ ಸಾಲಿನ ನಡುವೆ ಅವರೆ, ತೊಗರಿ, ಹುಚ್ಚೆಳ್ಳು. ವಿಜಯಪುರದ ಕಪ್ಪು ನೆಲದಲ್ಲಿ ಮಳೆನೀರು ಹಿಡಿಯಲು ಮಾಡುವುದು ಚೌಕುಮಡಿ. ಅದಕ್ಕೆ 'ವಿಭಾಗೀಯ ಒಡ್ಡು' ಎಂದು ಯಾರಾದರೂ ಬರೆದು ತಂದರೆ ನಾನು ಪ್ಲೇಟ್ ಹಾಕುವುದಿಲ್ಲ.

ಈಗ ಕೆಲಸದ ಮಾತು. ನಿಮ್ಮಲ್ಲಿ ಇಂಗ್ಲಿಷ್ ಬಲ್ಲವರಿದ್ದೀರಿ, ಕಂಪ್ಯೂಟರ್ ಮುಂದೆ ದಿನವಿಡೀ ಕೂರುವವರಿದ್ದೀರಿ. ಪ್ರತಿಯೊಬ್ಬರಿಗೂ ಒಂದು ಊರಿದೆ, ಹಬ್ಬಕ್ಕಾದರೂ ಹೋಗುತ್ತೀರಿ. ನಿಮ್ಮ ಜಿಲ್ಲೆಯ ತುರ್ತು ಯೋಜನೆ ಇಳಿಸಿಕೊಳ್ಳಿ. ಎಲ್ಲ ಪುಟ ಬೇಡ, ಮಳೆ ತಡವಾದರೆ ಮತ್ತು ನಡುವೆ ಕೈಕೊಟ್ಟರೆ ಎಂಬ ಭಾಗ ಸಾಕು. ಅದು ಬರೆದು ಹತ್ತು ವರ್ಷ ದಾಟಿದೆ, ತಳಿಗಳು ಬದಲಾಗಿರುತ್ತವೆ. ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ ಸರಿಪಡಿಸಿಕೊಳ್ಳಿ, ಆ ಬೀಜ ಈಗ ಸಿಗುತ್ತದೆಯೇ ಎಂದೂ ಕೇಳಿ. ಕಂಪ್ಯೂಟರಿನ ಅನುವಾದ ತಂದರೆ ವಾಪಸ್ ಕಳಿಸುತ್ತೇನೆ. ಊರಿನ ಜಗಲಿ ಮೇಲೆ ಕೂತು, ಕೂರಿಗೆ ಹಿಡಿದವನ ಬಾಯಿಂದ ಪದ ಕೇಳಿ ಬರೆಯಿರಿ. ವಾರಗಳನ್ನು ಮಳೆಯ ಹೆಸರಿಗೆ ತಿರುಗಿಸಿ.

ಕಾಗದದ ದುಡ್ಡು ನಿಮ್ಮ ಸಂಘದ್ದು. ಮಸಿ, ಪ್ಲೇಟು, ಕೂಲಿ ನನ್ನದು. ಭಾನುವಾರ ಮೆಷಿನ್ ಖಾಲಿ ಇರುತ್ತದೆ. ಮಾರ್ಚ್ ಬಿಲ್ಲಿನ ಅವಸರ ನನಗಿಲ್ಲ, ಆದರೆ ರೋಹಿಣಿ ಹುಟ್ಟುವುದು ಮೇ 25ರ ಸುಮಾರಿಗೆ, ಅದಕ್ಕೆ ಹದಿನೈದು ದಿನ ಮುಂಚೆ ಚೀಟಿ ಊರು ಸೇರಿರಬೇಕು. ತುಮಕೂರು ಜಿಲ್ಲೆಯದ್ದನ್ನು ನಾನೂ ಮಗಳೂ ಶುರು ಮಾಡಿದ್ದೇವೆ. ಪ್ರೂಫ್ ನೋಡಲು ಅಣ್ಣ ಬರುತ್ತೇನೆಂದಿದ್ದಾನೆ.